ದಾರಿ ಊರಿನದು, ಹಿಮ ಮಾತ್ರ ನಿಮ್ಮದು

ಜನವರಿ ಬಂತೆಂದರೆ ಪುಣೆ, ಚೆನ್ನೈ, ಹೈದರಾಬಾದ್, ದೆಹಲಿಗಳ ಕನ್ನಡ ಕುಟುಂಬಗಳ ವಾಟ್ಸಾಪ್ ಗುಂಪುಗಳಲ್ಲಿ ಒಂದು ಬಗೆಯ ವಿಡಿಯೊ ಓಡಾಡಲು ಶುರುವಾಗುತ್ತದೆ. ಬಾಸ್ಟನ್ನಿನಲ್ಲೋ ಷಿಕಾಗೋದಲ್ಲೋ ಇರುವ ಮಗ, ಅಳಿಯ, ಇಲ್ಲವೆ ಅಣ್ಣನ ಮಗಳು. ಮೈತುಂಬ ದಪ್ಪ ಕೋಟು, ಕೈಗೆ ಗವಸು, ಎದುರಿಗೆ ಮೊಣಕಾಲುದ್ದ ಹಿಮ. ಅಗಲ ಬಾಯಿಯ ಸಲಿಕೆಯಿಂದ ಮನೆ ಮುಂದಿನ ಫುಟ್‌ಪಾತಿನ ಹಿಮವನ್ನು ಎತ್ತಿ ಎತ್ತಿ ಬದಿಗೆ ಎಸೆಯುತ್ತಿದ್ದಾರೆ. ಕೆಳಗೆ ಯಾರಾದರೊಬ್ಬರು ಬರೆದೇ ಬರೆಯುತ್ತಾರೆ: ಅಷ್ಟು ದೊಡ್ಡ ಹುದ್ದೆಯಲ್ಲಿದ್ದರೂ ತನ್ನ ಮನೆ ಮುಂದಿನ ದಾರಿ ತಾನೇ ಶುಚಿ ಮಾಡುತ್ತಾನೆ ನೋಡಿ, ಸಿವಿಕ್ ಸೆನ್ಸ್ ಅಂದರೆ ಇದು, ನಮ್ಮಲ್ಲಾದರೆ ಎಲ್ಲದಕ್ಕೂ ಕಾರ್ಪೊರೇಷನ್ನೇ ಬರಬೇಕು. ಹಿಂದೆಯೇ ಹತ್ತು ಹೆಬ್ಬೆರಳು, ಐದು ಕೈಮುಗಿತ.

ದೂರದ ಬೆಟ್ಟ ನುಣ್ಣಗೆ. ಆ ವಿಡಿಯೊದ ಚೌಕಟ್ಟಿನಿಂದ ಹೊರಗೆ ಉಳಿಯುವುದು ಒಂದಿದೆ: ಫುಟ್‌ಪಾತಿನ ಪಕ್ಕದ ರಸ್ತೆ. ಅದನ್ನು ಯಾರೂ ಸಲಿಕೆ ಹಿಡಿದು ಬಳಿಯುವುದಿಲ್ಲ. ನಗರಾಡಳಿತದ ಲಾರಿ ಮೂತಿಗೆ ಉಕ್ಕಿನ ಹಲಗೆ ಕಟ್ಟಿಕೊಂಡು ಬಂದು, ಹಿಮವನ್ನು ಅಂಚಿಗೆ ತಳ್ಳಿ, ಹಿಂದಿನಿಂದ ಉಪ್ಪು ಚೆಲ್ಲುತ್ತ ಹೋಗುತ್ತದೆ. ಲಾರಿಗೂ ಉಪ್ಪಿಗೂ ಚಾಲಕನ ಸಂಬಳಕ್ಕೂ ತೆರಿಗೆಯ ದುಡ್ಡು. ಕಾರು ಓಡುವ ದಾರಿಯ ಹಿಮ ಊರಿನದು. ಮನುಷ್ಯ ನಡೆಯುವ ದಾರಿಯ ಹಿಮ ಪಕ್ಕದ ಮನೆಯವರದು. ಬಿದ್ದದ್ದು ಮಾತ್ರ ಒಂದೇ ಆಕಾಶದಿಂದ, ಒಂದೇ ರಾತ್ರಿ. ಈ ಹಂಚಿಕೆಯನ್ನು ಸಂಸ್ಕಾರವೆಂದು ಹೊಗಳುವ ಮೊದಲು ಅದು ಹೇಗೆ ಬಂತು, ಯಾರ ಬೆನ್ನ ಮೇಲೆ ಕೂತಿದೆ ಎಂದು ನೋಡಬೇಕು. ನೋಡಿದರೆ ಕಾಣುವುದು ಕಾನೂನಿನ ಅಂಗಿ ತೊಟ್ಟ ಬಿಟ್ಟಿ ಚಾಕರಿ.

ಮೊದಲು ಕಾನೂನನ್ನೇ ನೋಡೋಣ. ನ್ಯೂಯಾರ್ಕ್ ನಗರದ ನಿಯಮ ಗಡಿಯಾರ ಹಿಡಿದು ಮಾತಾಡುತ್ತದೆ. ಹಿಮ ಬೀಳುವುದು ಬೆಳಗ್ಗೆ 7ರಿಂದ ಸಂಜೆ 5ರೊಳಗೆ ನಿಂತರೆ, ನಿಂತ ನಾಲ್ಕು ಗಂಟೆಯೊಳಗೆ ಫುಟ್‌ಪಾತ್ ತೆರವಾಗಿರಬೇಕು. ಸಂಜೆ 5ರಿಂದ ರಾತ್ರಿ 9ರೊಳಗೆ ನಿಂತರೆ 14 ಗಂಟೆ. ರಾತ್ರಿ 9ರ ಮೇಲೆ ನಿಂತರೆ ಮರುದಿನ ಬೆಳಗ್ಗೆ 11ರೊಳಗೆ. ಕನಿಷ್ಠ ನಾಲ್ಕು ಅಡಿ ಅಗಲದ ದಾರಿ ಬಿಡಬೇಕು. ತಪ್ಪಿದರೆ ದಂಡ 100 ಡಾಲರಿನಿಂದ ಶುರು. ಮತ್ತೆ ಮತ್ತೆ ತಪ್ಪಿದರೆ 350ರವರೆಗೆ ಏರುತ್ತದೆ. ಬಾಸ್ಟನ್ನಿನಲ್ಲಿ ಹಿಮ ನಿಂತ ಮೂರು ಗಂಟೆ, ರಾತ್ರಿ ನಿಂತಿದ್ದರೆ ಸೂರ್ಯೋದಯವಾಗಿ ಮೂರು ಗಂಟೆ. ಅಗಲ 42 ಇಂಚು. ಷಿಕಾಗೋದಲ್ಲಿ ಹಗಲಿನ ಹಿಮಕ್ಕೆ ಅದೇ ರಾತ್ರಿ 10, ರಾತ್ರಿಯ ಹಿಮಕ್ಕೆ ಮರುದಿನ ಬೆಳಗ್ಗೆ 10. ಅಗಲ ಐದು ಅಡಿ.

ಈ ಕೆಲಸ ಯಾರು ಮಾಡಬೇಕು ಎಂದು ಹೇಳುವಲ್ಲಿ ನ್ಯೂಯಾರ್ಕಿನ ನಿಯಮಕ್ಕೆ ಪದಗಳ ಬರವಿಲ್ಲ. ಮಾಲೀಕ, ಗುತ್ತಿಗೆದಾರ, ಬಾಡಿಗೆದಾರ, ವಾಸವಿರುವವ, ಉಸ್ತುವಾರಿ ಹೊತ್ತವ ಎಂದು ಸಾಲಾಗಿ ನಿಲ್ಲಿಸುತ್ತದೆ. ಯಾರೂ ನುಸುಳಿಕೊಳ್ಳಲು ಸಂದಿಯೇ ಇಲ್ಲ. ಆ ಸಾಲಿನಲ್ಲಿ ಇಲ್ಲದ ಹೆಸರು ಒಂದೇ, ನಗರದ್ದು. ಆದರೆ ಆ ಫುಟ್‌ಪಾತ್ ಮನೆಯವರ ಸ್ವತ್ತಲ್ಲ, ಸಾರ್ವಜನಿಕ ದಾರಿಯ ಭಾಗ. ಅಲ್ಲಿ ಅನುಮತಿಯಿಲ್ಲದೆ ಒಂದು ಗಿಡ ನೆಡುವಂತಿಲ್ಲ, ಬೆಂಚು ಹಾಕುವಂತಿಲ್ಲ, ನಡೆಯುವವರನ್ನು ತಡೆಯುವಂತಿಲ್ಲ. ಬೇಸಿಗೆಯಲ್ಲಿ ದಾರಿ ಎಲ್ಲರದು, ಚಳಿಗಾಲದಲ್ಲಿ ಮಾತ್ರ ನಿಮ್ಮದು.

ಈ ವಿಚಿತ್ರದ ಬೇರು ಹಳೆಯದು. 1835ರಲ್ಲಿ ಬಾಸ್ಟನ್ನಿನ ಒಬ್ಬ ನಿವಾಸಿ ಹಿಮ ತೆಗೆಯದೆ ದಂಡಕ್ಕೆ ಗುರಿಯಾಗಿ, ಊರಿಗೆ ಇಂಥ ನಿಯಮ ಮಾಡುವ ಅಧಿಕಾರ ಎಲ್ಲಿದೆ ಎಂದು ಪ್ರಶ್ನಿಸಿದ. ಮ್ಯಾಸಚೂಸೆಟ್ಸ್ ಸರ್ವೋಚ್ಚ ನ್ಯಾಯಾಲಯದ ಮುಖ್ಯ ನ್ಯಾಯಾಧೀಶ ಲೆಮ್ಯುಯೆಲ್ ಷಾ ಊರಿನ ಪರ ತೀರ್ಪು ಕೊಟ್ಟ. ಅವನ ವಾದದ ಸಾರ ಇಷ್ಟು: ಇದು ತೆರಿಗೆಯಲ್ಲ, ಊರಿನ ಸುವ್ಯವಸ್ಥೆಯ ನಿಯಮ. ಒತ್ತಾಗಿ ಮನೆಗಳಿರುವ ಪಟ್ಟಣದಲ್ಲಿ ಈ ಕೆಲಸವನ್ನು ಬೇಗನೆ, ಸುಲಭವಾಗಿ ಮಾಡಬಲ್ಲವರು ಪಕ್ಕದಲ್ಲೇ ಇರುವವರು. ಹೊರೆ ಒಬ್ಬಿಬ್ಬರ ಮೇಲಲ್ಲ, ಹಾಗಿರುವ ಎಲ್ಲರ ಮೇಲೂ ಸಮನಾಗಿ ಬೀಳುತ್ತದೆ.

1835ರ ಮಟ್ಟಿಗೆ ಈ ಮಾತಿನಲ್ಲಿ ಹುರುಳಿತ್ತು. ಆಗ ಹಿಮ ತಳ್ಳುವ ಮೋಟಾರು ಲಾರಿ ಇರಲಿಲ್ಲ. ಚಳಿಗಾಲ ಬಂದರೆ ಗಾಡಿಗಳು ಗಾಲಿ ಬಿಟ್ಟು ಜಾರುಪಟ್ಟಿಯ ಮೇಲೆ ಓಡುತ್ತಿದ್ದವು. ರಸ್ತೆಯ ಮೇಲೆ ಹಿಮ ಗಟ್ಟಿಯಾಗಿ ಕೂತಿದ್ದರೇ ಅವಕ್ಕೆ ಅನುಕೂಲ. ಊರು ಒಂದು ದಾರಿಯನ್ನು ಯಂತ್ರದಿಂದ ಬಳಿದು ಇನ್ನೊಂದನ್ನು ಜನರ ತಲೆಗೆ ಕಟ್ಟುತ್ತಿರಲಿಲ್ಲ. ಆಳಿನ ತೋಳು ಬಿಟ್ಟರೆ ಬೇರೆ ಸಾಧನವಿಲ್ಲದ ಕಾಲದಲ್ಲಿ ಹತ್ತಿರದ ತೋಳನ್ನು ಕರೆಯುವುದು ನ್ಯಾಯವೇ.

ಆದರೂ ಅದೇ ಶತಮಾನದಲ್ಲಿ ಇನ್ನೊಂದು ನ್ಯಾಯಾಲಯಕ್ಕೆ ಇದು ಒಪ್ಪಿಗೆಯಾಗಲಿಲ್ಲ. 1878ರಲ್ಲಿ ಇಲಿನಾಯ್ ರಾಜ್ಯದ ಸರ್ವೋಚ್ಚ ನ್ಯಾಯಾಲಯ ಬ್ಲೂಮಿಂಗ್ಟನ್ ಎಂಬ ಊರಿನ ಇಂಥದೇ ನಿಯಮವನ್ನು ತಳ್ಳಿಹಾಕಿತು. ಫುಟ್‌ಪಾತ್ ಬೀದಿಯ ಭಾಗ, ಅದು ಸಾರ್ವಜನಿಕರದು; ಅದರ ಮೇಲೆ ಪಕ್ಕದ ನಿವೇಶನದವನಿಗೆ ಬೇರೆಯವರಿಗಿಂತ ಹೆಚ್ಚಿನ ಹಕ್ಕಿಲ್ಲ; ಹಕ್ಕಿಲ್ಲದ ಮೇಲೆ ಅವನೊಬ್ಬನ ಹೆಗಲಿಗೆ ಅದರ ಕೆಲಸ ಹೊರಿಸುವುದು ಸಲ್ಲದು ಎಂಬುದು ಆ ತೀರ್ಪಿನ ನಿಲುವು. ಬೀದಿಯ ಹಿಮ ಬಳಿಯಲು ಒಬ್ಬನನ್ನು ಎಳೆಯಬಹುದಾದರೆ, ನಾಳೆ ಆ ಬೀದಿಯ ಗುಂಡಿ ಮುಚ್ಚಲೂ ಅವನನ್ನೇ ಎಳೆಯಬಹುದಲ್ಲ? ಅಮೆರಿಕದ ಬಹುಪಾಲು ಊರುಗಳು ನಡೆದದ್ದು ಮಾತ್ರ ಷಾ ಹಾಕಿದ ಜಾಡಿನಲ್ಲಿ. ಇಲಿನಾಯ್ ರಾಜ್ಯದ ಷಿಕಾಗೋದ ಪುಸ್ತಕದಲ್ಲೂ ಇವತ್ತು ಮನೆಯವರೇ ಹಿಮ ತೆಗೆಯಬೇಕೆಂಬ ನಿಯಮವಿದೆ. ಇಂಥ ಊರುಗಳ ಆಡಳಿತಕ್ಕೆ ಲಾರಿ ಬಂತು, ಉಪ್ಪಿನ ಗೋದಾಮು ಬಂತು, ಪ್ರತಿ ಲಾರಿ ಎಲ್ಲಿದೆಯೆಂದು ತೋರಿಸುವ ಉಪಗ್ರಹ ಬಂತು. ಎಲ್ಲವೂ ರಸ್ತೆಗೆ. ಫುಟ್‌ಪಾತ್ 1835ರಲ್ಲೇ ನಿಂತಿತು.

ಇದಕ್ಕೆ ಕನ್ನಡದಲ್ಲಿ ಪದ ಹುಡುಕಬೇಕಾಗಿಲ್ಲ. ಸಂಸ್ಕೃತದ ‘ವಿಷ್ಟಿ’ ಕನ್ನಡದ ಬಾಯಲ್ಲಿ ‘ಬಿಟ್ಟಿ’ ಆಯಿತು. ಹಳೆಯ ಶಾಸನಗಳಲ್ಲಿ ಬಿಟ್ಟಿ ಎಂದರೆ ಕೂಲಿಯಿಲ್ಲದೆ ಕಡ್ಡಾಯವಾಗಿ ಮಾಡಿಸಿಕೊಳ್ಳುವ ದುಡಿಮೆ. ಇವತ್ತು ಬಿಟ್ಟಿ ಎಂದರೆ ಪುಕ್ಕಟೆ: ಬಿಟ್ಟಿ ಊಟ, ಬಿಟ್ಟಿ ಟಿಕೆಟ್ಟು. ಪದ ಅದೇ, ನೋಡುವ ಕಣ್ಣು ಬೇರೆ. ಮೊದಲು ಅದು ದುಡಿದವನ ಕಡೆಯಿಂದ ಮಾತಾಡುತ್ತಿತ್ತು, ಈಗ ಪಡೆದವನ ಕಡೆಯಿಂದ ಮಾತಾಡುತ್ತದೆ. ನಡುವೆ ದುಡಿದವನು ಮಾಯವಾದ. ನಗರಸಭೆಯ ಬಜೆಟ್ಟಿನಲ್ಲೂ ಆಗಿರುವುದು ಇದೇ. ಫುಟ್‌ಪಾತಿನ ಹಿಮಕ್ಕೆ ಖರ್ಚಿಲ್ಲ ಎಂದು ಲೆಕ್ಕ ಹೇಳುತ್ತದೆ. ಖರ್ಚು ಇದೆ, ಅದು ಲೆಕ್ಕದ ಪುಸ್ತಕದಲ್ಲಿ ಇಲ್ಲ ಅಷ್ಟೆ. ಹೋಲಿಕೆಗೆ ಮಿತಿಯೂ ಇದೆ. ಸಲಿಕೆ ಹಿಡಿದ ಸಾಫ್ಟ್‌ವೇರ್ ಎಂಜಿನಿಯರನ ಹಿಂದೆ ಪಾಳೇಗಾರನ ಚಾಟಿಯಿಲ್ಲ. ಹಳೆಯ ಬಿಟ್ಟಿಯ ಕ್ರೌರ್ಯ ಇಲ್ಲಿಲ್ಲ. ಲೆಕ್ಕ ಬರೆಯುವ ರೀತಿ ಮಾತ್ರ ಅದೇ.

ನ್ಯೂಯಾರ್ಕಿನಲ್ಲೇ ಇದಕ್ಕೆ ಸಾಕ್ಷಿ ಸಿಗುತ್ತದೆ. ದೊಡ್ಡ ಹಿಮ ಬಿದ್ದಾಗ ಅಲ್ಲಿನ ನೈರ್ಮಲ್ಯ ಇಲಾಖೆ ಗಂಟೆಗಿಷ್ಟು ಎಂದು ಕೂಲಿ ಕೊಟ್ಟು ತಾತ್ಕಾಲಿಕ ಕೆಲಸಗಾರರನ್ನು ಕರೆಸುತ್ತದೆ. ಅವರು ಬಸ್‌ಸ್ಟಾಪು, ರಸ್ತೆ ದಾಟುವ ಜಾಗ, ಬೆಂಕಿ ಆರಿಸುವ ನೀರಿನ ಕೊಳವೆಗಳ ಸುತ್ತಲಿನ ಹಿಮ ತೆಗೆಯುತ್ತಾರೆ. ಅದೇ ಸಲಿಕೆ, ಅದೇ ಹಿಮ. ಬಸ್‌ಸ್ಟಾಪಿನಲ್ಲಿ ಅದಕ್ಕೆ ಕೂಲಿ. ಹತ್ತು ಹೆಜ್ಜೆ ಆಚೆ ಮನೆಯ ಮುಂದೆ, ಮಾಡದಿದ್ದರೆ ದಂಡ. ಇದು ಕೆಲಸವೆಂಬುದು ನಗರಕ್ಕೆ ಗೊತ್ತಿಲ್ಲದೆ ಇಲ್ಲ.

ಎಂಥ ಕೆಲಸ? 40 ಅಡಿ ಉದ್ದದ ಮನೆ ಮುಂಭಾಗ, ನಾಲ್ಕು ಅಡಿ ಅಗಲದ ದಾರಿ, ಒಂದು ಅಡಿ ಹಿಮ ಎಂದಿಟ್ಟುಕೊಳ್ಳಿ. 160 ಘನ ಅಡಿ, ಅಂದರೆ ಸುಮಾರು ನಾಲ್ಕೂವರೆ ಘನ ಮೀಟರ್. ಆಗಷ್ಟೇ ಬಿದ್ದ ಹಿಮ ಘನ ಮೀಟರಿಗೆ 100 ಕೆಜಿ ತೂಗುತ್ತದೆಂದರೂ 450 ಕೆಜಿ ಆಯಿತು: ಒಂಬತ್ತು ಮೂಟೆ ಸಿಮೆಂಟು. ಹಿಮ ಒದ್ದೆಯಾಗಿದ್ದರೆ ಅದರ ಎರಡು ಪಟ್ಟು, ಕೆಲವೊಮ್ಮೆ ಇನ್ನೂ ಹೆಚ್ಚು. ಇದನ್ನು ಕೊರೆಯುವ ಚಳಿಯಲ್ಲಿ, ಸೊಂಟ ಬಗ್ಗಿಸಿ, ಸಲಿಕೆ ಸಲಿಕೆಯಾಗಿ ಎತ್ತಿ ಹಾಕಬೇಕು. ಚಳಿಗೆ ರಕ್ತನಾಳಗಳು ಬಿಗಿದುಕೊಳ್ಳುತ್ತವೆ, ರಕ್ತದ ಒತ್ತಡ ಏರುತ್ತದೆ. ಅದೇ ಹೊತ್ತಿಗೆ ತೋಳಿನ ಭಾರದ ಕೆಲಸ ಹೃದಯದಿಂದ ಹೆಚ್ಚು ರಕ್ತ ಕೇಳುತ್ತದೆ. 1990ರಿಂದ 2006ರವರೆಗಿನ ಅಮೆರಿಕದ ಆಸ್ಪತ್ರೆಗಳ ತುರ್ತು ಘಟಕಗಳ ದಾಖಲೆ ನೋಡಿದ ಒಂದು ಅಧ್ಯಯನದ ಪ್ರಕಾರ, ಹಿಮ ತೆಗೆಯಲು ಹೋಗಿ ಪೆಟ್ಟು ತಿಂದೋ ಅಸ್ವಸ್ಥರಾಗಿಯೋ ಬಂದವರು ವರ್ಷಕ್ಕೆ ಸರಾಸರಿ 11,500 ಜನ. ಆ 17 ವರ್ಷಗಳಲ್ಲಿ ಸತ್ತವರು 1,647. ಎಲ್ಲ ಸಾವುಗಳೂ ಹೃದಯಕ್ಕೆ ಸಂಬಂಧಿಸಿದವು. ಗಡಿಯಾರ ಹಿಡಿದ ನಿಯಮ ಮನೆಯೊಳಗೆ ಇರುವವರ ವಯಸ್ಸು ಕೇಳುವುದಿಲ್ಲ. ಮನೆಗೊಂದು ಗಟ್ಟಿ ತೋಳು ಇದ್ದೇ ಇರುತ್ತದೆ, ಅದು ಬೆಳಗ್ಗೆ ಮನೆಯಲ್ಲೇ ಇರುತ್ತದೆ ಎಂದು ಅದು ಊಹಿಸಿಕೊಂಡಿದೆ. ವಿಧವೆ, ಹೃದ್ರೋಗಿ, ರಾತ್ರಿ ಪಾಳಿ ಮುಗಿಸಿ ಬಂದ ನರ್ಸು, ಕೂಸು ಹೊತ್ತ ಒಂಟಿ ತಾಯಿ ಇವರಾರೂ ಆ ಊಹೆಯಲ್ಲಿ ಇಲ್ಲ. ಷಿಕಾಗೋದಂಥ ಊರುಗಳು ಇಂಥವರಿಗಾಗಿ ಸ್ವಯಂಸೇವಕರನ್ನು ಹೊಂದಿಸಿಕೊಡುತ್ತವೆ. ಒಳ್ಳೆಯ ಕೆಲಸವೇ. ಆದರೆ ದಂಡ ಖಚಿತವಾಗಿ ಬಂದು ಸಹಾಯ ಮಾತ್ರ ಯಾರದೋ ಬಿಡುವಿಗೆ ಕಾಯುವುದು ನ್ಯಾಯವಾಗದು.

ಇಷ್ಟೆಲ್ಲ ಬೆವರಿನಿಂದ ನಡೆಯುವವನಿಗೆ ದಾರಿ ಸಿಕ್ಕಿದ್ದರೆ ಒಂದು ಸಮಾಧಾನವಾದರೂ ಇರುತ್ತಿತ್ತು. ಸಿಗುವುದಿಲ್ಲ, ಇದು ವ್ಯವಸ್ಥೆಯ ಎರಡನೆಯ ಮೋಸ. ಫುಟ್‌ಪಾತ್ ಒಂದು ಸರಪಳಿ. ಇಪ್ಪತ್ತು ಮನೆಗಳಲ್ಲಿ ಹದಿನೆಂಟು ಮನೆಯವರು ನೆಲ ಕಾಣುವಂತೆ ಬಳಿದರೂ, ಒಂದು ಖಾಲಿ ನಿವೇಶನ, ಮಾಲೀಕ ಫ್ಲಾರಿಡಾದಲ್ಲಿರುವ ಒಂದು ಬೀಗ ಹಾಕಿದ ಮನೆ ಸಾಕು. ಅಲ್ಲಿ ತುಳಿದ ಹಿಮ ರಾತ್ರಿ ಗಟ್ಟಿಯಾಗಿ, ಹಗಲು ಕೊಂಚ ಕರಗಿ, ಮತ್ತೆ ರಾತ್ರಿ ಗಾಜಿನಂಥ ಮಂಜುಗಡ್ಡೆಯಾಗುತ್ತದೆ. ಹಿಮದಲ್ಲಿ ಕಾಲು ಹುಗಿಯುತ್ತದೆ, ಮಂಜುಗಡ್ಡೆಯ ಮೇಲೆ ಕಾಲು ನಿಲ್ಲುವುದಿಲ್ಲ. ಗಾಲಿಕುರ್ಚಿಯವರಿಗೆ ಹದಿನೆಂಟು ಶುಚಿ ಮನೆಗಳ ಬೆಲೆ ಸೊನ್ನೆ; ಹತ್ತೊಂಬತ್ತನೆಯದರ ಮುಂದೆ ಅವರು ರಸ್ತೆಗೆ ಇಳಿಯಬೇಕು, ವೇಗವಾಗಿ ಬರುವ ಕಾರುಗಳ ನಡುವೆ. ಹೈವೇಯನ್ನು ಹೀಗೆ ಅರವತ್ತು ಅಡಿಗೊಬ್ಬ ಖಾಸಗಿ ವ್ಯಕ್ತಿಗೆ ಹಂಚಿ, ಎಲ್ಲರೂ ತಮ್ಮ ತುಂಡು ಬಳಿಯುತ್ತಾರೆಂದು ನಂಬಿ ಲಾರಿ ಓಡಿಸಿ ಎಂದರೆ ಯಾವ ನಗರ ಒಪ್ಪೀತು?

ಇದರ ಜೊತೆಗೆ ಒಂದು ವ್ಯಂಗ್ಯವೂ ಇದೆ. ರಸ್ತೆಯ ಹಿಮ ತಳ್ಳುವ ಲಾರಿ ಅದನ್ನು ಮಾಯ ಮಾಡುವುದಿಲ್ಲ, ಅಂಚಿಗೆ ಸರಿಸುತ್ತದೆ. ಅಂಚಿನಲ್ಲಿರುವುದು ಮನೆಯ ಬಾಗಿಲದಾರಿ, ಮೂಲೆಯಲ್ಲಿ ಫುಟ್‌ಪಾತಿನಿಂದ ಇಳಿದು ರಸ್ತೆ ದಾಟುವ ಜಾಗ. ಬೆಳಗ್ಗೆ ಎದ್ದು ಬಳಿದು ಮುಗಿಸಿ ಒಳಗೆ ಹೋಗಿ ಕಾಫಿ ಕುಡಿಯುವಷ್ಟರಲ್ಲಿ ಲಾರಿ ಬಂದು, ರಸ್ತೆಯ ಕೊಳಕು ಹಿಮವನ್ನು, ಉಪ್ಪು ಬೆರೆತು ಕಲ್ಲಿನಂತಾದ ಗಡ್ಡೆಗಳನ್ನು ಅದೇ ಮೂಲೆಗೆ ಗುಡ್ಡೆ ಹಾಕುತ್ತದೆ. ಊರು ತನ್ನ ಹಿಮವನ್ನು ತಂದು ನಿಮ್ಮ ತುಂಡಿನ ಮೇಲೆ ಸುರಿದು, ಅದೂ ನಿಮ್ಮದೇ ಎನ್ನುತ್ತದೆ.

ರಸ್ತೆ ಮೊದಲು, ಫುಟ್‌ಪಾತ್ ಆಮೇಲೆ ಎಂಬ ಕ್ರಮ ಪ್ರಕೃತಿಯದಲ್ಲ, ಆಯ್ಕೆ. ಸ್ವೀಡನ್ನಿನ ಕಾರ್ಲ್‌ಸ್ಕೋಗಾ ಎಂಬ ಸಣ್ಣ ಊರು ಸುಮಾರು 2011ರ ಹೊತ್ತಿಗೆ ಈ ಆಯ್ಕೆಯನ್ನು ಪ್ರಶ್ನಿಸಿತು. ದೊಡ್ಡ ರಸ್ತೆ ಮೊದಲು ಬಳಿದರೆ ಅನುಕೂಲ ಯಾರಿಗೆ? ಕಾರಿನಲ್ಲಿ ನೇರ ಕೆಲಸಕ್ಕೆ ಹೋಗುವವರಿಗೆ, ಅವರಲ್ಲಿ ಹೆಚ್ಚಿನವರು ಗಂಡಸರು. ಮಗುವನ್ನು ಬಿಟ್ಟು, ತರಕಾರಿ ತಂದು, ವಯಸ್ಸಾದವರನ್ನು ನೋಡಿಕೊಂಡು, ಬಸ್ಸು ಹಿಡಿದು ನಡೆದಾಡುವವರಲ್ಲಿ ಹೆಚ್ಚಿನವರು ಹೆಂಗಸರು. ಊರು ಕ್ರಮ ಬದಲಿಸಿತು: ನಡೆಯುವ ದಾರಿ, ಶಿಶುವಿಹಾರ ಮತ್ತು ಶಾಲೆಗಳ ಸುತ್ತಲಿನ ಜಾಗ ಮೊದಲು. ಕ್ಯಾರೊಲಿನ್ ಕ್ರಿಯಾಡೊ ಪೆರೆಜ್ 2019ರಲ್ಲಿ ಪ್ರಕಟಿಸಿದ, ಅಂಕಿಅಂಶಗಳಲ್ಲಿ ಹೆಂಗಸರು ಕಾಣೆಯಾಗುವುದನ್ನು ಕುರಿತ ಪುಸ್ತಕದ ಮೊದಲ ಅಧ್ಯಾಯ ಈ ಕತೆಯಿಂದಲೇ ತೊಡಗುತ್ತದೆ. ಮೂರು ಇಂಚು ಹಿಮವನ್ನು ದಾಟಲು ಕಾರಿಗೆ ಎಂಜಿನ್ನಿದೆ. ಮಗುವಿನ ತಳ್ಳುಗಾಡಿಗೆ ಇರುವುದು ತಾಯಿಯ ತೋಳು.

ಇದಕ್ಕೆ ಬರುವ ಉತ್ತರಗಳಲ್ಲಿ ಮೊದಲನೆಯದು ದುಡ್ಡು. ಸಾವಿರಾರು ಮೈಲಿ ಫುಟ್‌ಪಾತನ್ನು ನಗರವೇ ಬಳಿಯಲು ಸಾಧ್ಯವೇ ಎಂದು ಕೇಳುತ್ತಾರೆ. ಸಾಧ್ಯವೆಂದು ತೋರಿಸಿದ ಊರುಗಳಿವೆ. ಕೆನಡಾದ ಮಾಂಟ್ರಿಯಲ್ಲಿನಲ್ಲಿ ಫುಟ್‌ಪಾತಿನ ಅಗಲಕ್ಕೆ ಹೊಂದುವ ಪುಟ್ಟ ಯಂತ್ರಗಳು ಓಡುತ್ತವೆ. ಟೊರೊಂಟೊದಲ್ಲಿ ಬಹುಕಾಲ ಹೊರವಲಯದ ಫುಟ್‌ಪಾತುಗಳನ್ನು ನಗರ ಬಳಿದು, ಹಳೆಯ ಕೇಂದ್ರ ಭಾಗವನ್ನು ಮನೆಯವರಿಗೆ ಬಿಟ್ಟಿತ್ತು. 2021-22ರ ಚಳಿಗಾಲದಿಂದ ಯಂತ್ರ ಹೋಗಬಲ್ಲ ಕಡೆಯೆಲ್ಲ ನಗರವೇ ಬಳಿಯತೊಡಗಿತು. ಅಮೆರಿಕದೊಳಗೇ, ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್ ಇಪ್ಪತ್ತನೆಯ ಶತಮಾನದ ಆರಂಭದಿಂದ ಫುಟ್‌ಪಾತಿಗೆ ನಗರದ ಖರ್ಚಿನ ಹಿಮಹಲಗೆ ಕಳಿಸುತ್ತ ಬಂದಿದೆ. ಮನೆಯ ಮುಂಭಾಗದ ಉದ್ದಕ್ಕೆ ತಕ್ಕಂತೆ ಒಂದು ಶುಲ್ಕವನ್ನು ಆಸ್ತಿ ತೆರಿಗೆಯ ಜೊತೆ ಸೇರಿಸಿ ವಸೂಲು ಮಾಡುತ್ತದೆ. ಬೆವರಿನ ಬದಲು ಹಣ, ಎಲ್ಲರಿಂದ, ಲೆಕ್ಕದ ಪುಸ್ತಕದಲ್ಲಿ. ಷಿಕಾಗೋದಲ್ಲೂ ಅಂಗವಿಕಲರ ಸಂಘಟನೆಗಳ ಒತ್ತಾಯಕ್ಕೆ ಮಣಿದು ನಗರಸಭೆ 2023ರಲ್ಲಿ ಇಂಥದೊಂದು ಪ್ರಾಯೋಗಿಕ ಯೋಜನೆ ರೂಪಿಸಲು ಒಪ್ಪಿಗೆ ಕೊಟ್ಟಿತು.

ದುಡ್ಡು ಉಳಿಯಿತು ಎಂಬುದೂ ಅರ್ಧ ಸತ್ಯ. 2003ರವರೆಗೆ ನ್ಯೂಯಾರ್ಕಿನ ಫುಟ್‌ಪಾತಿನಲ್ಲಿ ಬಿದ್ದು ಮೂಳೆ ಮುರಿದುಕೊಂಡವರಿಗೆ ನಗರ ಕೋಟಿಗಟ್ಟಲೆ ಡಾಲರ್ ಪರಿಹಾರ ತೆರುತ್ತಿತ್ತು. ಆ ವರ್ಷ ಕಾನೂನು ಬದಲಿಸಿ, ಮಾಲೀಕರೇ ವಾಸವಿರುವ ಒಂದರಿಂದ ಮೂರು ಸಂಸಾರದ ಮನೆಗಳನ್ನು ಬಿಟ್ಟು, ಉಳಿದ ಕಟ್ಟಡಗಳ ಮುಂದೆ ಬಿದ್ದವರ ಹೊಣೆಯನ್ನು ಮಾಲೀಕರಿಗೆ ದಾಟಿಸಿತು. ಬೀಳುವವರು ಬೀಳುತ್ತಲೇ ಇದ್ದಾರೆ. ಬಿಲ್ಲಿನ ವಿಳಾಸ ಬದಲಾಯಿತು. ಮಾಲೀಕ ಅದನ್ನು ವಿಮೆಗೆ, ವಿಮೆ ಅದನ್ನು ಕಂತಿಗೆ, ಕಂತು ಅದನ್ನು ಬಾಡಿಗೆಗೆ ದಾಟಿಸುತ್ತದೆ.

ಎರಡನೆಯ ಉತ್ತರ ಹೆಚ್ಚು ಮರ್ಯಾದೆಯದು: ಸಲಿಕೆ ನೆರೆಹೊರೆಯನ್ನು ಬೆಸೆಯುತ್ತದೆ. ಹಿಮ ಬಿದ್ದ ಬೆಳಗ್ಗೆ ವರ್ಷವಿಡೀ ಮಾತಾಡದ ಪಕ್ಕದ ಮನೆಯವರು ಮಾತಾಡುತ್ತಾರೆ. ಹುಡುಗರು ಅಜ್ಜಿಯ ಮನೆ ಮುಂದಿನದನ್ನೂ ಬಳಿದು ಕೊಡುತ್ತಾರೆ. ನಮ್ಮಲ್ಲೂ ಬೆಳಗ್ಗೆ ಬಾಗಿಲ ಮುಂದೆ ಗುಡಿಸಿ, ನೀರು ಚಿಮುಕಿಸಿ, ರಂಗೋಲಿ ಇಡುವುದಿಲ್ಲವೇ? ಇಡುತ್ತಾರೆ, ಅದು ಚೆಂದವೂ ಹೌದು. ಆದರೆ ರಂಗೋಲಿ ಇಡದಿದ್ದರೆ ದಂಡದ ಚೀಟಿ ಬರುವುದಿಲ್ಲ, ಇಡದ ಮನೆಯ ಮುಂದೆ ದಾರಿಹೋಕನ ಸೊಂಟ ಮುರಿಯುವುದಿಲ್ಲ. ಚೀಟಿಯ ಹೆದರಿಕೆಯಿಂದ ಹುಟ್ಟುವ ಸ್ನೇಹವನ್ನು ನಂಬಿ ಒಂದು ಊರಿನ ಸಂಚಾರ ನಡೆಸಲಾಗದು. ಪ್ರೀತಿಯಿಂದ ಅಜ್ಜಿಯ ಮೆಟ್ಟಿಲು ಬಳಿಯುವ ಹುಡುಗ, ನಗರ ಫುಟ್‌ಪಾತ್ ಬಳಿದರೂ ಮೆಟ್ಟಿಲು ಬಳಿಯುತ್ತಾನೆ.

ಮೂರನೆಯದು ಅನುಭವದ ಮಾತು: ಸರ್ಕಾರದ ಕೈಗೆ ಕೊಟ್ಟರೆ ಆಯಿತು, ಕೆಲಸ ಕೆಟ್ಟ ಹಾಗೆಯೇ. ಕೆಡುವುದುಂಟು. 2016ರ ನವೆಂಬರಿನಲ್ಲಿ ಸ್ಟಾಕ್‌ಹೋಮಿನ ಮೇಲೆ ಆ ತಿಂಗಳಿಗೆ ಅಪರೂಪವಾದಷ್ಟು ಹಿಮ ಸುರಿದು ಊರು ಸ್ತಬ್ಧವಾದಾಗ, ನಡೆಯುವವರಿಗೆ ಮೊದಲ ಸ್ಥಾನ ಕೊಟ್ಟ ಹೊಸ ಕ್ರಮವನ್ನೇ ಜನ ಹಳಿದರು. 2025ರ ಫೆಬ್ರವರಿಯಲ್ಲಿ ಟೊರೊಂಟೊದ ಫುಟ್‌ಪಾತುಗಳು ಹಿಮದಡಿ ಉಳಿದಾಗ ನಗರಾಡಳಿತ ಬೈಗುಳ ತಿಂದಿತು. ಆದರೆ ಗಮನಿಸಬೇಕಾದದ್ದು ಆ ಬೈಗುಳವನ್ನೇ. ಅದಕ್ಕೆ ಒಂದು ವಿಳಾಸವಿತ್ತು. ಗುತ್ತಿಗೆದಾರರನ್ನು ಕೇಳಬಹುದು, ಮೇಯರನ್ನು ಕೇಳಬಹುದು, ಮತ ಹಾಕುವಾಗ ನೆನಪಿಡಬಹುದು. 1979ರ ಜನವರಿಯಲ್ಲಿ ಷಿಕಾಗೋದಲ್ಲಿ ಮಹಾಹಿಮ ಬಿದ್ದು ರಸ್ತೆ, ರೈಲು ಎಲ್ಲ ನಿಂತಾಗ, ಮೇಯರ್ ಮೈಕೆಲ್ ಬಿಲಾಂಡಿಕ್ ಮುಂದಿನ ತಿಂಗಳ ಪಕ್ಷದೊಳಗಿನ ಚುನಾವಣೆಯಲ್ಲಿ ಜೇನ್ ಬರ್ನ್ ಎದುರು ಸೋತ. ಅಂದಿನಿಂದ ಆ ಊರಿನ ಮೇಯರುಗಳು ರಸ್ತೆಯ ಹಿಮವನ್ನು ಹಗುರಾಗಿ ತೆಗೆದುಕೊಂಡಿಲ್ಲ. ಫುಟ್‌ಪಾತಿನ ಹಿಮಕ್ಕಾಗಿ ಯಾವ ಮೇಯರ್ ಸೋಲಬೇಕು? ಅದರ ತಪ್ಪನ್ನು ಲಕ್ಷಾಂತರ ಬಾಗಿಲುಗಳಿಗೆ ಹಂಚಿ ಹಾಕಿದೆ. ಬಿದ್ದವನು ಎದ್ದು ಪಕ್ಕದ ಮನೆಯವನನ್ನು ಬೈದುಕೊಂಡು ಕುಂಟುತ್ತ ಹೋಗುತ್ತಾನೆ. ಈ ವ್ಯವಸ್ಥೆಯ ನಿಜವಾದ ಉಳಿತಾಯ ಇದು: ಹಣಕ್ಕಿಂತ ಹೆಚ್ಚಾಗಿ, ಕೇಳಿಸಿಕೊಳ್ಳಬೇಕಾದ ಪ್ರಶ್ನೆಗಳ ಉಳಿತಾಯ.

ಹಾಗಾದರೆ ನಿವಾಸಿಗೆ ಹೊಣೆಯೇ ಇಲ್ಲವೇ? ಇದೆ, ಅವನ ಮಿತಿಯಲ್ಲಿ. ತನ್ನ ಮೆಟ್ಟಿಲು, ತನ್ನ ಬಾಗಿಲದಾರಿ, ತನ್ನ ಮಾಡಿನಿಂದ ತೂಗುವ ಮಂಜಿನ ಕೋಲು ಅವನದು. ತನ್ನ ಕಾರಿನ ಹಿಮವನ್ನು ಫುಟ್‌ಪಾತಿಗೆ ಎಸೆಯದಿರುವುದು ಅವನದು. ಅಂಗಡಿ, ಮಾಲ್, ನೂರು ಮನೆಯ ಕಟ್ಟಡ ತಮ್ಮ ಮುಂದಿನ ಜಾಗಕ್ಕೆ ಹೆಚ್ಚು ತೆರಲಿ. ಅವಕ್ಕೆ ಅದರಿಂದ ಲಾಭವಿದೆ. ಉಳಿದದ್ದು, ಒಬ್ಬ ಅಪರಿಚಿತ ಮನೆಯಿಂದ ಬಸ್‌ಸ್ಟಾಪಿಗೆ, ಆಸ್ಪತ್ರೆಗೆ, ಶಾಲೆಗೆ ನಡೆದು ಹೋಗುವ ದಾರಿ, ಊರಿನದು. 2002ರಲ್ಲಿ ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊ ನಗರದ ಮೊಕದ್ದಮೆಯಲ್ಲಿ ಅಮೆರಿಕದ ಮೇಲ್ಮನವಿ ನ್ಯ��ಯಾಲಯ, ಫುಟ್‌ಪಾತ್ ನಗರ ಒದಗಿಸುವ ಸೇವೆಗಳಲ್ಲಿ ಒಂದು, ಆದ್ದರಿಂದ ಅಂಗವಿಕಲರ ಹಕ್ಕಿನ 1990ರ ಕಾನೂನು ಅದಕ್ಕೂ ಅನ್ವಯಿಸುತ್ತದೆ ಎಂದಿತು. ಸ್ಯಾಕ್ರಮೆಂಟೊದಲ್ಲಿ ಹಿಮದ ಕಾಟವಿಲ್ಲ. ಆದರೆ ಜುಲೈಯಲ್ಲಿ ನಗರದ ಸೇವೆಯಾದದ್ದು ಜನವರಿಯಲ್ಲಿ ಮನೆಯವನ ಸೇವೆಯಾಗುವುದು ಯಾವ ತರ್ಕ?

ಮುಂಬೈ, ಬೆಂಗಳೂರುಗಳಲ್ಲಿ ಕೂತು ಆ ವಿಡಿಯೊಗೆ ಹೆಬ್ಬೆರಳು ಒತ್ತುವವರಿಗೂ ಇದು ಸಂಬಂಧಿಸಿದ್ದೇ. ‘ಎಲ್ಲದಕ್ಕೂ ಕಾರ್ಪೊರೇಷನ್ ಬರಬೇಕು’ ಎಂಬ ಗೇಲಿ ಕೇಳಿ ಹೆಚ್ಚು ಖುಷಿಪಡುವುದು ಕಾರ್ಪೊರೇಷನ್ನೇ. ಚರಂಡಿಯ ಕಲ್ಲು ಎದ್ದಿರುವ, ಟ್ರಾನ್ಸ್‌ಫಾರ್ಮರ್ ಕೂತಿರುವ, ಯಾರದೋ ಕಾರಿನ ಇಳಿಜಾರು ನುಂಗಿರುವ ನಮ್ಮ ಫುಟ್‌ಪಾತುಗಳಿಗೆ ಬೇಕಿರುವುದು ಮನೆಯವರ ಸಂಸ್ಕಾರಕ್ಕಿಂತ ಮೊದಲು ಹೊಣೆ ಹೊರುವ ಒಂದು ಕಚೇರಿ. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್, ಅಡ್ಡಿಯಿಲ್ಲದ ಫುಟ್‌ಪಾತಿನಲ್ಲಿ ನಡೆಯುವ ಹಕ್ಕು ಸಂವಿಧಾನದ 21ನೇ ವಿಧಿಯಡಿ ಬದುಕುವ ಹಕ್ಕಿನ ಭಾಗ ಎಂದಿದೆ. ಹಕ್ಕು ಎಂದ ಮೇಲೆ ಅದನ್ನು ಪಕ್ಕದ ಮನೆಯವರ ಒಳ್ಳೆಯತನಕ್ಕೆ ಗಂಟು ಹಾಕಲಾಗದು.

ಮುಂದಿನ ಜನವರಿಯಲ್ಲಿ ಮತ್ತೆ ವಿಡಿಯೊ ಬರುತ್ತದೆ. ಬಂದಾಗ ಆ ಮಗನಿಗೋ ಅಳಿಯನಿಗೋ ಒಂದು ಮಾತು ಬರೆದು ನೋಡಿ: ಸಲಿಕೆ ಕೆಳಗಿಡಪ್ಪ, ಫೋನ್ ಹಿಡಿದುಕೊಂಡು ಬಸ್‌ಸ್ಟಾಪಿನವರೆಗೆ ಫುಟ್‌ಪಾತಿನಲ್ಲೇ ನಡೆದು ತೋರಿಸು. ಆರು ತಿಂಗಳ ವೀಸಾದಲ್ಲಿ ಬಂದು ಮನೆಯೊಳಗೆ ಕೂತಿರುವ ಅಮ್ಮ ಆ ದಾರಿಯಲ್ಲಿ ಒಬ್ಬಳೇ ಹೋಗಿ ಬರಬಲ್ಲಳೇ ಹೇಳು. ಅವನು ಕಳಿಸುವ ಎರಡನೆಯ ವಿಡಿಯೊಗೆ ಬೇಕಾದರೆ ಹೆಬ್ಬೆರಳು ಒತ್ತಬಹುದು.